ಏಳು ರಾತ್ರಿಯ ಜಪಾನು

ಜಪಾನಿನ ವೀಸಾಗೆ ಅರ್ಜಿ ಹಾಕುವಾಗ ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನ್ಸ್ ಜೊತೆಗೆ ಇನ್ನೊಂದು ಹಾಳೆಯನ್ನೂ ಕೊಡಬೇಕು. ತಾರೀಕು, ಆ ದಿನ ಏನು ಮಾಡುತ್ತೀರಿ, ರಾತ್ರಿ ಎಲ್ಲಿ ತಂಗುತ್ತೀರಿ, ಅಲ್ಲಿನ ಫೋನ್ ನಂಬರ್ ಏನು ಎಂದು ದಿನಕ್ಕೊಂದು ಸಾಲು ತುಂಬುವ ಹಾಳೆ ಅದು. ಬಹಳ ಜನ ಇದನ್ನು ಏಜೆಂಟರಿಗೆ ಬಿಟ್ಟುಬಿಡುತ್ತಾರೆ. ಅವರ ಬಳಿ ಒಂದು ಸಿದ್ಧ ಹಾಳೆ ಇದ್ದೇ ಇರುತ್ತದೆ: ಟೋಕಿಯೊ ಎರಡು ದಿನ, ಫ್ಯೂಜಿ ಒಂದು ದಿನ, ಕ್ಯೋಟೊ ಒಂದೂವರೆ, ಹಿರೋಶಿಮಾ, ಒಸಾಕಾ, ವಾಪಸ್. ಬೆಂಗಳೂರಿನಲ್ಲೇ ಅರ್ಜಿ ಕೊಡುವ ಕೇಂದ್ರ ಇದೆ, ಹಾಳೆ ಅಲ್ಲಿ ಸಲೀಸಾಗಿ ಪಾಸೂ ಆಗುತ್ತದೆ. ಆದರೆ ದೇವಸ್ಥಾನ, ತೋಟ, ಚಹಾದ ಕೋಣೆ, ಹಳೆಯ ಮರದ ಮನೆ ಇವನ್ನೆಲ್ಲ ನೋಡಬೇಕೆಂದು ಹೊರಟವರ ಪ್ರವಾಸ ಕೆಡುವುದು ಅದೇ ಹಾಳೆಯಲ್ಲಿ.

ಲೆಕ್ಕ ಹಾಕಿ ನೋಡಿ. ಅಲ್ಲಿ ಹೋಟೆಲ್ ಕೋಣೆಯನ್ನು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಿಡಬೇಕು, ಮುಂದಿನ ಊರಿನ ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ. ದೇವಸ್ಥಾನಗಳು ಸಂಜೆ ನಾಲ್ಕೂವರೆ ಐದಕ್ಕೆಲ್ಲ ಬಾಗಿಲು ಹಾಕುತ್ತವೆ. ಅಂದರೆ ಊರು ಬದಲಿಸಿದ ದಿನ ಕೈಯಲ್ಲಿ ಉಳಿಯುವುದು ಒಂದೋ ಎರಡೋ ಗಂಟೆ. ಏಳು ರಾತ್ರಿಯಲ್ಲಿ ಐದು ಊರು ತುರುಕಿದರೆ ನೀವು ನೋಡಿ ಬರುವುದು ರೈಲ್ವೆ ಸ್ಟೇಷನ್ನುಗಳನ್ನು. ಚೊಕ್ಕಟವಾದ ಸ್ಟೇಷನ್ನುಗಳು, ಒಪ್ಪಿದೆ.

ಹಾಗಾಗಿ ಮೊದಲ ಸಲ, ಒಂದೇ ವಾರಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಟೋಕಿಯೊವನ್ನು ಈ ಸಲ ಬಿಡಿ. ಕ್ಯೋಟೊದಲ್ಲಿ ಐದು ರಾತ್ರಿ ಒಂದೇ ಕೋಣೆಯಲ್ಲಿ ಇದ್ದು, ಅಲ್ಲಿಂದ ಒಂದು ದಿನ ನಾರಾಗೆ ಹೋಗಿಬನ್ನಿ. ಆಮೇಲೆ ಕೋಯಾ ಬೆಟ್ಟದ ಮಠದಲ್ಲಿ ಒಂದು ರಾತ್ರಿ, ಒಸಾಕಾದಲ್ಲಿ ಒಂದು ರಾತ್ರಿ. ನಾರಾ 710ರಿಂದ ರಾಜಧಾನಿಯಾಗಿತ್ತು, ಕ್ಯೋಟೊ 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಗಳ ಊರಾಗಿತ್ತು. ನೀವು ಹುಡುಕಿಕೊಂಡು ಹೊರಟ ಜಪಾನು ಮುಕ್ಕಾಲು ಪಾಲು ಸುಮಾರು ನೂರು ಕಿಲೋಮೀಟರಿನ ಈ ಸುತ್ತಿನಲ್ಲೇ ಸಿಗುತ್ತದೆ.

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನ ಇದೆ, ಆಸೆ ಹುಟ್ಟಿಸುವುದೂ ಅದೇ. ಆದರೆ ಅಲ್ಲಿ ಇಳಿದರೆ ಕ್ಯೋಟೊಗೆ ಬುಲೆಟ್ ರೈಲು ಹಿಡಿಯಬೇಕು. ಎರಡೂಕಾಲು ಗಂಟೆಯ ದಾರಿಗೆ ಒಂದು ಕಡೆಗೆ ಸುಮಾರು 14,000 ಯೆನ್. ನೂರು ಯೆನ್ನಿಗೆ ಐವತ್ತೈದು ಅರವತ್ತು ರೂಪಾಯಿ ಎಂದಿಟ್ಟುಕೊಂಡರೆ ಒಬ್ಬರಿಗೆ ಎಂಟು ಸಾವಿರ ರೂಪಾಯಿ ಆಸುಪಾಸು, ಹೋಗಿಬರುವುದಕ್ಕೆ ಅದರ ಎರಡರಷ್ಟು. ಸಿಂಗಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗಿನಲ್ಲಿ ಒಂದು ಸಲ ವಿಮಾನ ಬದಲಿಸಿ ಒಸಾಕಾ ಪಕ್ಕದ ಕನ್ಸಾಯ್ ನಿಲ್ದಾಣಕ್ಕೇ ಇಳಿದರೆ ಆ ಹಣವೂ ಉಳಿಯುತ್ತದೆ, ಒಂದು ದಿನವೂ ಉಳಿಯುತ್ತದೆ. ಇನ್ನು ಎಲ್ಲರೂ ಶಿಫಾರಸು ಮಾಡುವ ಆ ರೈಲ್ವೆ ಪಾಸು. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್ನಿಂದ 50,000 ಯೆನ್ನಿಗೆ ಏರಿತು. ನಾನು ಹೇಳುವ ಈ ಸುತ್ತಿಗೆ ಅದು ಶುದ್ಧ ದಂಡ. ಅದರ ಬದಲು ಇಕೋಕಾ ಎಂಬ ಕಾರ್ಡಿಗೆ ದುಡ್ಡು ತುಂಬಿಸಿಕೊಳ್ಳಿ. ನಮ್ಮ ಮೆಟ್ರೊ ಕಾರ್ಡಿನ ಹಾಗೆ ಗೇಟಿಗೆ ಮುಟ್ಟಿಸಿ ಒಳಗೆ ಹೋಗಬಹುದು, ಬಸ್ಸಿಗೂ ನಡೆಯುತ್ತದೆ, ಮೂಲೆ ಅಂಗಡಿಯಲ್ಲಿ ನೀರಿನ ಬಾಟಲಿಗೂ ನಡೆಯುತ್ತದೆ.

ಯಾವ ತಿಂಗಳು ಹೋಗಬೇಕು? ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ ಚೆರಿ ಹೂವು, ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗಿನ ಕೆಂಪೆಲೆ, ಈ ಎರಡೂ ಕಾಲದಲ್ಲಿ ಕ್ಯೋಟೊ ಜಾತ್ರೆಯಾಗಿರುತ್ತದೆ. ಕೋಣೆಯ ಬಾಡಿಗೆಯೂ ಜಾತ್ರೆಯ ಬಾಡಿಗೆ. ನಮ್ಮಲ್ಲಿ ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅದರಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗೆ ಇಡೀ ಜಪಾನಿಗೇ ರಜೆ, ಆ ವಾರ ಮಾತ್ರ ಹೋಗಬೇಡಿ. ಅದು ಮುಗಿದ ಮೇಲೆ, ಜೂನಿನ ಮಳೆ ಹಿಡಿಯುವ ಮೊದಲು ಮೂರು ವಾರ ಹಿತವಾಗಿರುತ್ತದೆ. ಮೇ 15ಕ್ಕೆ ಅಲ್ಲಿದ್ದರೆ ಆಓಯಿ ಉತ್ಸವದ ಮೆರವಣಿಗೆ ಅರಮನೆಯಿಂದ ಹೊರಟು ಶಿಮೊಗಾಮೊ, ಕಾಮಿಗಾಮೊ ಗುಡಿಗಳಿಗೆ ಹೋಗುವುದೂ ಸಿಗುತ್ತದೆ, ಎತ್ತಿನ ಗಾಡಿ, ಹಳೆಯ ಆಸ್ಥಾನದ ಉಡುಪು ಎಲ್ಲ ಸೇರಿ. ದಸರಾ ರಜೆಯೂ ಒಳ್ಳೆಯದೇ, ಎಲೆ ಇನ್ನೂ ಹಸಿರಾಗಿರುತ್ತದೆ ಅಷ್ಟೇ. ಜುಲೈ, ಆಗಸ್ಟಿನ ಕ್ಯೋಟೊ ಬಳ್ಳಾರಿಯ ಬಿಸಿಲಿಗೆ ಮಂಗಳೂರಿನ ಬೆವರು ಸೇರಿಸಿದ ಹಾಗೆ.

ಕ್ಯೋಟೊದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಹೊತ್ತು ಬೆಳಿಗ್ಗೆ ಆರರಿಂದ ಎಂಟು. ಕಿಯೊಮಿಜು ದೇವಸ್ಥಾನದ ಬಾಗಿಲು ಆರಕ್ಕೇ ತೆಗೆಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಸುಮಾರು 13 ಮೀಟರ್ ಎತ್ತರಕ್ಕೆ ಮರದ ಕಂಬಗಳ ಮೇಲೆ ಚಾಚಿ ನಿಂತ ಜಗಲಿ ಅದು, ಈಗಿನ ಕಟ್ಟಡ 1633ರದು. ಕಂಬಕ್ಕೆ ತೊಲೆ ಕೂಡಿಸಿದ್ದು ಮೊಳೆ ಇಲ್ಲದೆ. ಜಗಲಿಯ ಮೇಲೆ ನಿಂತು ಫೋಟೊ ತೆಗೆದುಕೊಂಡು ಹೋಗಿಬಿಡಬೇಡಿ, ಕೆಳಗಿಳಿದು ತಲೆಯೆತ್ತಿ ಆ ಕೂಡುಗಳನ್ನು ನೋಡಿ. ತೊಟ್ಟಿ ಮನೆಯ ಮರಗೆಲಸ ಕಂಡವರಿಗೆ ಅಲ್ಲಿ ಅರ್ಧ ಗಂಟೆ ಸಾಲುವುದಿಲ್ಲ. ಫುಶಿಮಿ ಇನಾರಿ ಗುಡಿಗೆ ಬಾಗಿಲೇ ಇಲ್ಲ, ಟಿಕೆಟ್ಟೂ ಇಲ್ಲ. ಕ್ಯೋಟೊ ಸ್ಟೇಷನ್ನಿನಿಂದ ರೈಲಿನಲ್ಲಿ ಎರಡನೆಯ ನಿಲ್ದಾಣ. ಕಿತ್ತಳೆಗೆಂಪು ಬಣ್ಣದ ಸಾವಿರಾರು ತೋರಿ ಕಮಾನುಗಳು ಬೆಟ್ಟದುದ್ದಕ್ಕೂ ಸಾಲುಗಟ್ಟಿವೆ. ಹತ್ತುವಾಗ ಬರೀ ಬಣ್ಣ ಕಾಣುತ್ತದೆ, ಇಳಿಯುವಾಗ ಹಿಂಬದಿಯಲ್ಲಿ ಕರಿ ಅಕ್ಷರ ಕಾಣುತ್ತದೆ. ಅವು ದಾನಿಗಳ ಹೆಸರು. ಟ್ಯೂಬ್‌ಲೈಟಿನ ಮೇಲೆ ಬೆಳಕೇ ಬೀಳದ ಹಾಗೆ ಹೆಸರು ಬರೆಸುವ ನಮ್ಮ ದಾನಿಗಳ ನೆನಪಾಗಿ ನಗು ಬಂತು. ಜನರೆಲ್ಲ ಮೊದಲ ಕಾಲು ಗಂಟೆಯಲ್ಲೇ ನಿಂತುಬಿಡುತ್ತಾರೆ. ಅಲ್ಲಿಂದ ಮೇಲೆ ಹೋದರೆ ಬೆಟ್ಟ ನಿಮ್ಮದು.

ಮಧ್ಯಾಹ್ನದ ಗದ್ದಲದ ಹೊತ್ತಿಗೆ ಸಂಜೂಸಂಗೆಂದೊ ಇಟ್ಟುಕೊಳ್ಳಿ. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಹಜಾರ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ 1,001 ಕಾನ್ನೋನ್ ವಿಗ್ರಹಗಳು. ಕಾನ್ನೋನ್ ಅಂದರೆ ಅವಲೋಕಿತೇಶ್ವರ. ಎಲ್ಲರ ಕಣ್ಣೂ ಆ ಸಾವಿರದ ಮೇಲೆಯೇ ಇರುತ್ತದೆ, ನೀವು ಮುಂದಿನ ಸಾಲಿನ 28 ಪರಿವಾರ ದೇವತೆಗಳನ್ನು ಒಬ್ಬೊಬ್ಬರಾಗಿ ನೋಡಿಕೊಂಡು ಹೋಗಿ. ಬೋನ್‌ತೆನ್ ಅಂದರೆ ಬ್ರಹ್ಮ, ತೈಶಾಕುತೆನ್ ಅಂದರೆ ಇಂದ್ರ. ರೆಕ್ಕೆ, ಕೊಕ್ಕು ಇಟ್ಟುಕೊಂಡು ಕೊಳಲು ಊದುತ್ತಿರುವವನು ಕರೂರ, ಅಂದರೆ ನಮ್ಮ ಗರುಡ. ವಿಷ್ಣುವನ್ನು ಹೊತ್ತು ಹಾರುತ್ತಿದ್ದವನು ಅಷ್ಟು ದೂರ ಹೋಗಿ ಕೊಳಲು ಕಲಿತಿದ್ದಾನೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು.

ಗುಡಿಯ ನಡವಳಿಕೆ ಒಂದಿಷ್ಟು ತಿಳಿದಿರಬೇಕು. ಕಮಾನು ಇದ್ದರೆ ಶಿಂತೊ ಗುಡಿ, ದೊಡ್ಡ ಹೆಬ್ಬಾಗಿಲು, ಧೂಪ ಇದ್ದರೆ ಬೌದ್ಧ ದೇವಸ್ಥಾನ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಒಳಗೆ ಹೋಗುವ ಮುಂಚೆ ಕಲ್ಲಿನ ತೊಟ್ಟಿ, ಅದರ ಮೇಲೆ ಉದ್ದ ಹಿಡಿಯ ಸೌಟು ಇರುತ್ತದೆ. ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಿರಿ, ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ, ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಇಷ್ಟೂ ಕೆಲಸ ಒಂದೇ ಸೌಟು ನೀರಿನಲ್ಲಿ ಮುಗಿಯಬೇಕು. ಸೌಟಿಗೆ ಬಾಯಿ ತಾಗಿಸುವ ಹಾಗಿಲ್ಲ, ಅಂದರೆ ಎಂಜಲು ಅಲ್ಲಿಯೂ ಎಂಜಲೇ. ಶಿಂತೊ ಗುಡಿಯಲ್ಲಿ ಕಾಣಿಕೆ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು, ಮತ್ತೊಮ್ಮೆ ಬಾಗಬೇಕು. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ಸುಮ್ಮನೆ ಕೈಮುಗಿದರಾಯಿತು. ಹುಂಡಿಗೆ ಐದು ಯೆನ್ನಿನ ತೂತು ನಾಣ್ಯವೇ ಶ್ರೇಷ್ಠ, ಯಾಕೆಂದರೆ ಅದನ್ನು ಹೇಳುವ ಗೋ-ಎನ್ ಎಂಬ ಉಚ್ಚಾರಕ್ಕೆ ಋಣಾನುಬಂಧ ಎನ್ನುವ ಅರ್ಥವೂ ಇದೆ.

ಹಣ ಉಳಿಸಬೇಕೆನ್ನುವವರು ದೇವಸ್ಥಾನಗಳನ್ನು ಎಣಿಸಿ. ಒಂದೊಂದಕ್ಕೂ 500ರಿಂದ 1,000 ಯೆನ್ ಪ್ರವೇಶ. ದಿನಕ್ಕೆ ಮೂರು ಸಾಕು. ಕಾಲಿಗೂ ಅಷ್ಟೇ ಸಾಕು. ಪಾಚಿ ತೋಟದ ಸೈಹೋಜಿಗೂ ಕತ್ಸುರಾ ಅರಮನೆ ತೋಟಕ್ಕೂ ಮುಂಚೆಯೇ ಜಾಗ ಕಾಯ್ದಿರಿಸಿರಬೇಕು. ಈ ಎರಡರಲ್ಲಿ ಒಂದನ್ನು ವೀಸಾ ಹಾಳೆ ತುಂಬುವಾಗಲೇ ಬುಕ್ ಮಾಡಿಕೊಳ್ಳಿ, ಉಳಿದ ದಿನಗಳು ಅದರ ಸುತ್ತ ತಾವೇ ಕೂತುಕೊಳ್ಳುತ್ತವೆ.

ಚಹಾ ಕೂಟದ ವಿಷಯಕ್ಕೆ ಬರೋಣ. ಕಿಮೋನೊ ಬಾಡಿಗೆ, ಚಹಾ, ಫೋಟೊ ಎಲ್ಲ ಸೇರಿ ನಲವತ್ತು ನಿಮಿಷದ ಪ್ಯಾಕೇಜುಗಳು ಬೀದಿ ಬೀದಿಯಲ್ಲಿವೆ. ಬೇಡ. ಆರೇಳು ಜನರಿಗೆ ಮಿತಿಯಿರುವ, ಒಂದೂವರೆ ಗಂಟೆಯ ಕೂಟ ಹುಡುಕಿ. ಹದಿನಾರನೆಯ ಶತಮಾನದ ಸೆನ್ ನೊ ರಿಕ್ಯೂ ರೂಢಿಗೆ ತಂದ ಕ್ರಮ ಅದು, ಅವನ ವಂಶದ ಮೂರು ಮನೆತನಗಳು ಇವತ್ತಿಗೂ ಕ್ಯೋಟೊದಲ್ಲೇ ಅದನ್ನು ಕಲಿಸುತ್ತವೆ. ಉಂಗುರ, ಗಡಿಯಾರ ತೆಗೆದಿಡಿ, ಬಟ್ಟಲಿಗೆ ಗೀರು ಬೀಳಬಾರದು. ಬಿಳಿ ಕಾಲುಚೀಲ ಹಾಕಿಕೊಂಡು ಹೋಗಿ.

ಕೋಣೆ ಚಿಕ್ಕದು. ಹಳೆಯ ಪದ್ಧತಿಯದಾದರೆ ಬಾಗಿಲು ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ, ಮಂಡಿಯೂರಿ ನುಸುಳಬೇಕು. ಒಳಗೆ ಒಂದು ಬರಹದ ಸುರುಳಿ, ಒಂದು ಹೂವು, ಕೆಂಡದ ಮೇಲೆ ಕಬ್ಬಿಣದ ಕೆಟಲು. ಮೊದಲು ಸಿಹಿ ಬರುತ್ತದೆ, ಹುರುಳಿಕಾಳಿನ ಗಾತ್ರದ ಕೆಂಪು ಅಜುಕಿ ಕಾಳಿನ ಹೂರಣ. ಹೋಳಿಗೆಯ ಹೂರಣ ತಿಂದ ಬಾಯಿಗೆ ಅದು ಹೊಸದೇನಲ್ಲ. ಚಹಾ ಬರುವ ಮೊದಲೇ ಅದನ್ನು ತಿಂದು ಮುಗಿಸಬೇಕು, ಯಾಕೆಂದರೆ ಬರುವುದು ಕಹಿ. ಬಟ್ಟಲನ್ನು ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲೆ ಇಟ್ಟುಕೊಳ್ಳಿ. ಆತಿಥೇಯರು ಬಟ್ಟಲಿನ ಚಂದದ ಮುಖವನ್ನು ನಿಮ್ಮ ಕಡೆ ಇಟ್ಟಿರುತ್ತಾರೆ. ಆ ಮುಖಕ್ಕೆ ತುಟಿ ತಾಗಬಾರದೆಂದು ಬಟ್ಟಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿ ಕುಡಿಯಬೇಕು. ಕೊನೆಯ ಗುಟುಕನ್ನು ಸೊರ್ ಎಂದು ಸದ್ದು ಮಾಡಿಯೇ ಹೀರಬೇಕು, ಮುಗಿಯಿತು ಎಂದು ಒಳಗಿನವರಿಗೆ ತಿಳಿಯಲು. ತುಟಿ ತಾಗಿದ ಜಾಗವನ್ನು ಬೆರಳಲ್ಲಿ ಒರೆಸಿ, ಬಟ್ಟಲನ್ನು ಹಿಂದಕ್ಕೆ ತಿರುಗಿಸಿ ಕೆಳಗಿಡಿ. ಆಮೇಲೆ ಬಗ್ಗಿ ಬಟ್ಟಲನ್ನು ನೋಡಿ, ನೋಡುವುದೂ ಕೂಟದ ಭಾಗವೇ. ಕಾಲು ಮಡಚಿ ಕೂರುವುದು ನಮಗೆ ಅಭ್ಯಾಸ ಎಂದುಕೊಂಡಿದ್ದೆ. ಹಿಮ್ಮಡಿಯ ಮೇಲೆ ಕೂರುವುದು ಬೇರೆಯೇ ಕಥೆ, ಇಪ್ಪತ್ತು ನಿಮಿಷಕ್ಕೆ ಎರಡೂ ಕಾಲು ಜೋಮು ಹಿಡಿದು ಏಳುವಾಗ ಪಕ್ಕದವರ ಭುಜ ಹಿಡಿದೆ. ಮಂಡಿ ನೋವಿನವರು ಕುರ್ಚಿಯ ಕೂಟ ಇದೆಯೇ ಎಂದು ಮುಂಚೆ ಕೇಳಲಿ. 1872ರಿಂದಲೇ ಆ ಪದ್ಧತಿಯೂ ಇದೆ, ಅದು ಯಾರೋ ಕೊಟ್ಟ ರಿಯಾಯಿತಿಯಲ್ಲ.

ಸಂಜೆ ಗಿಯೋನ್ ಕಡೆ ಎಲ್ಲರೂ ಹೋಗುತ್ತಾರೆ, ಹೋಗಿ. ಆ ಹೆಸರೇ ಬುದ್ಧ ಮಳೆಗಾಲ ಕಳೆಯುತ್ತಿದ್ದ ಶ್ರಾವಸ್ತಿಯ ಜೇತವನದ ಜಪಾನೀ ಹೆಸರಿನಿಂದ ಬಂದದ್ದು. ಕೆಲಸಕ್ಕೆ ಹೊರಟ ಮೈಕೊ, ಅಂದರೆ ಗೀಶಾ ವೃತ್ತಿ ಕಲಿಯುತ್ತಿರುವ ಹುಡುಗಿಯರ ಹಿಂದೆ ಮೊಬೈಲ್ ಹಿಡಿದು ಓಡುವವರ ಕಾಟಕ್ಕೆ 2024ರಲ್ಲಿ ಖಾಸಗಿ ಓಣಿಗಳನ್ನು ಪ್ರವಾಸಿಗರಿಗೆ ಮುಚ್ಚಿದರು. ಫಲಕ ಕಂಡರೆ ಒಳಗೆ ಹೋಗಬೇಡಿ, ದಂಡ 10,000 ಯೆನ್.

ಈಗ ಊಟ. ಸಸ್ಯಾಹಾರಿಗಳಿಗೆ ಇದೇ ದೊಡ್ಡ ಪ್ರಶ್ನೆ, ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ತರಕಾರಿಯ ನೂಡಲ್ಸ್ ಎಂದು ತರಿಸಿಕೊಂಡ ಬಟ್ಟಲಿನ ಸಾರಿನಲ್ಲೂ ಮೀನು ಇರುತ್ತದೆ. ಒಣಗಿಸಿದ ಮೀನನ್ನು ಹಲಗೆಯ ಮೇಲೆ ಹೆರೆದು ಕುದಿಸಿದ ದಾಶಿ ಎಂಬ ಕಟ್ಟು ಅಲ್ಲಿನ ಅಡುಗೆಯ ಬುಡ, ನಮಗೆ ಒಗ್ಗರಣೆ ಇದ್ದ ಹಾಗೆ. ಅವರ ಲೆಕ್ಕದಲ್ಲಿ ಮೀನಿನ ತುಂಡು ಕಾಣದಿದ್ದರೆ ಅದು ತರಕಾರಿ ಸಾರು. ಸುಳ್ಳು ಹೇಳುತ್ತಿದ್ದಾರೆ ಎಂದು ಭಾವಿಸಬೇಡಿ. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ ಎಂದು ಜಪಾನೀ ಭಾಷೆಯಲ್ಲಿ ಬರೆಸಿದ ಚೀಟಿ ಇಟ್ಟುಕೊಂಡು ತೋರಿಸಿ. ಕ್ಯೋಟೊದಲ್ಲಿ ಬಿಸಿನೀರಿನಲ್ಲಿ ಬೇಯುವ ತೋಫು, ಅಂದರೆ ಯೂದೋಫು, ನಾನ್‌ಜೆನ್‌ಜಿ ದೇವಸ್ಥಾನದ ಸುತ್ತ ಸಿಗುತ್ತದೆ. ಅಲ್ಲಿಯೂ ಅದ್ದಿಕೊಳ್ಳುವ ಸಾರಿನ ಬಗ್ಗೆ ಕೇಳಿ. ಮನೆಯಿಂದ ಮುಚ್ಚಿದ ಪ್ಯಾಕೆಟ್ಟಿನ ಚಟ್ನಿಪುಡಿ ಒಯ್ಯಿರಿ, ಅಲ್ಲಿನ ಅಂಟಂಟು ಬಿಸಿ ಅನ್ನಕ್ಕೆ ಅದು ಎಷ್ಟು ಹೊಂದುತ್ತದೆ ಎಂದರೆ ಆಶ್ಚರ್ಯವಾಗುತ್ತದೆ. ಹಸಿ ಕರಿಬೇವು, ಹಣ್ಣು ಮಾತ್ರ ವಿಮಾನ ನಿಲ್ದಾಣದಲ್ಲೇ ತೆಗೆದಿಡಿಸುತ್ತಾರೆ.

ನಿಶ್ಚಿಂತೆಯಿಂದ ಎಲೆ ಬಿಚ್ಚಿ ಕೂರುವಂಥ ಊಟ ಸಿಗುವುದು ಕೋಯಾ ಬೆಟ್ಟದಲ್ಲಿ. ಮಠದ ಶೋಜಿನ್ ಅಡುಗೆಯಲ್ಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯ ನಿಯಮವೇ. ಎಳ್ಳಿನ ತೋಫು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಸ್ಪಂಜಿನಂಥ ಕೋಯಾ ತೋಫು, ಕಡಲ ಪಾಚಿಯ ಸಾರು, ಉಪ್ಪಿನಕಾಯಿ, ಅನ್ನ. ಖಾರ ಇಲ್ಲ, ಹುಳಿ ಕಡಿಮೆ. ಮೂರು ತುತ್ತಿನ ನಂತರ ನಾಲಿಗೆ ಹೊಂದಿಕೊಳ್ಳುತ್ತದೆ.

ಕ್ಯೋಟೊದಿಂದ ಅಲ್ಲಿಗೆ ಮೂರು ಗಂಟೆ. ಒಸಾಕಾದ ನಾಂಬಾದಿಂದ ಒಂದು ರೈಲು ಬೆಟ್ಟ ಹತ್ತುತ್ತ ಗೊಕುರಾಕುಬಾಶಿವರೆಗೆ ಹೋಗುತ್ತದೆ, ಅಲ್ಲಿಂದ ಕೇಬಲ್ ರೈಲು, ಆಮೇಲೆ ಬಸ್ಸು. ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು ಹೋಗಬೇಡಿ. ಹಿಂದಿನ ದಿನ ಕ್ಯೋಟೊ ಹೋಟೆಲ್ಲಿನ ಕೌಂಟರಿನಲ್ಲಿ ಕೊಟ್ಟರೆ ಪಾರ್ಸೆಲ್ ಸೇವೆಯವರು ಎರಡು ಮೂರು ಸಾವಿರ ಯೆನ್ನಿಗೆ ಅದನ್ನು ನೇರ ಒಸಾಕಾ ಹೋಟೆಲ್ಲಿಗೆ ಮುಟ್ಟಿಸುತ್ತಾರೆ. ಜಪಾನಿನಲ್ಲಿ ನನಗೆ ಬುಲೆಟ್ ರೈಲಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದು.

ಬೆಟ್ಟದ ಮೇಲೆ ನೂರಕ್ಕೂ ಹೆಚ್ಚು ಮಠಗಳಿವೆ, ಸುಮಾರು ಐವತ್ತರಲ್ಲಿ ಯಾತ್ರಿಕರಿಗೆ ಕೋಣೆ ಕೊಡುತ್ತಾರೆ. ಎರಡು ಹೊತ್ತಿನ ಊಟವೂ ಸೇರಿ ಒಬ್ಬರಿಗೆ ಹತ್ತರಿಂದ ಇಪ್ಪತ್ತು ಸಾವಿರ ಯೆನ್. ಸಂಜೆ ಐದರೊಳಗೆ ತಲುಪಿರಬೇಕು, ಊಟ ಐದೂವರೆ ಆರಕ್ಕೇ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಅವರು ಕೊಟ್ಟ ಸ್ಲಿಪ್ಪರ್ ಹಾಕಿಕೊಳ್ಳಬೇಕು, ಚಾಪೆ ಹಾಸಿದ ಕೋಣೆಗೆ ಬರುವಾಗ ಅದನ್ನೂ ಬಿಡಬೇಕು, ಶೌಚಾಲಯದೊಳಗೆ ಬೇರೆಯೇ ಸ್ಲಿಪ್ಪರ್ ಇರುತ್ತದೆ. ನಾನು ಆ ಮೂರನೆಯದರಲ್ಲೇ ಊಟದ ಹಜಾರದವರೆಗೆ ನಡೆದು ಬಂದೆ. ಎಳೆಯ ಸನ್ಯಾಸಿಯೊಬ್ಬ ಮಾತಿಲ್ಲದೆ ನನ್ನ ಕಾಲು ನೋಡಿದ, ಅಷ್ಟೇ ಸಾಕಾಯಿತು. ರಾತ್ರಿ ಕೊಡುವ ಯುಕಾತಾ ನಿಲುವಂಗಿಯಲ್ಲಿ ಎಡ ಸೆರಗು ಬಲದ ಮೇಲೆ ಬರಬೇಕು. ಬಲವನ್ನು ಮೇಲೆ ತಂದು ಉಡಿಸುವುದು ಹೆಣಕ್ಕೆ.

ಬೆಳಿಗ್ಗೆ ಆರರ ಸುಮಾರಿಗೆ ಪೂಜೆ. ಕೆಲವು ಮಠಗಳಲ್ಲಿ ಗೋಮ ಎಂಬ ಅಗ್ನಿಕಾರ್ಯ ಇರುತ್ತದೆ. ಕುಂಡ, ಸಮಿತ್ತು, ಆಹುತಿ, ಮಂತ್ರ ಎಲ್ಲವೂ ಗುರುತು ಸಿಗುತ್ತದೆ. ಹೋಮವೇ ಅದು, ಹೆಸರು ಸಮೇತ. ಈ ಮಠಗಳ ಬೌದ್ಧ ಪಂಥವನ್ನು ಚೀನಾದಿಂದ ತಂದ ಕೂಕೈ ಎಂಬ ಸನ್ಯಾಸಿ 816ರಲ್ಲಿ ಈ ಬೆಟ್ಟ ಪಡೆದ. 835ರಲ್ಲಿ ಅವನು ತೀರಿಕೊಂಡ ಎಂದು ಇಲ್ಲಿ ಯಾರೂ ಹೇಳುವುದಿಲ್ಲ, ಓಕುನೋಇನ್ ವನದ ಒಳಗುಡಿಯಲ್ಲಿ ಧ್ಯಾನಕ್ಕೆ ಕೂತಿದ್ದಾನೆ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಹತ್ತೂವರೆಗೆ ಒಮ್ಮೆ ಸನ್ಯಾಸಿಗಳು ಮರದ ಪೆಟ್ಟಿಗೆಯಲ್ಲಿ ಅವನಿಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ಮಂತ್ರಾಲಯದ ಬೃಂದಾವನದ ಮುಂದೆ ನಿಂತು ರಾಯರು ಒಳಗಿದ್ದಾರೆ ಎಂದು ನಂಬಿ ಕೈಮುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಸೇತುವೆಯಿಂದ ಎರಡು ಕಿಲೋಮೀಟರು ದೇವದಾರಿನಂಥ ಮರಗಳ ನಡುವೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳನ್ನು ದಾಟಿ ಅಲ್ಲಿಗೆ ನಡೆಯಬೇಕು. ಪಾಚಿ ಹಿಡಿದ ಎಷ್ಟೋ ಕಲ್ಲುಗಳ ಮೇಲೆ ಸಂಸ್ಕೃತ ಬೀಜಾಕ್ಷರಗಳಿವೆ. ಲಿಪಿ ಸಿದ್ಧಂ. ಓದಲು ಬಾರದಿದ್ದರೂ ಅದು ಎಲ್ಲಿಯದೆಂದು ಗೊತ್ತಾಗುತ್ತದೆ.

ಚಿಲ್ಲರೆ ವಿಷಯ ಎರಡು ಮೂರು. ಪುಟ್ಟ ಗುಡಿಗಳಲ್ಲಿ, ಮುದ್ರೆ ಹಾಕಿ ಕುಂಚದಲ್ಲಿ ಬರೆದುಕೊಡುವ ಗೋಶುಯಿನ್ ಕೌಂಟರುಗಳಲ್ಲಿ ನಗದೇ ಬೇಕು. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಹಣ ಬರುತ್ತದೆ. ವೀಸಾ ಈಗ ಎಲೆಕ್ಟ್ರಾನಿಕ್. ವಿಮಾನ ಹತ್ತುವಾಗ ಅದನ್ನು ಮೊಬೈಲಿನಲ್ಲಿ, ಇಂಟರ್‌ನೆಟ್ ಸಂಪರ್ಕ ಇರುವಾಗಲೇ ತೆರೆದು ತೋರಿಸಬೇಕು, ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಪ್ಲಗ್ಗು ಎರಡು ಚಪ್ಪಟೆ ಕಡ್ಡಿಯದು. ಒಸಾಕಾದ ಕೊನೆಯ ರಾತ್ರಿಗೆ, ಆ ವಾರ ಆಟ ಇದ್ದರೆ, ಬುನ್‌ರಾಕು ಗೊಂಬೆಯಾಟದ ಟಿಕೆಟ್ ತೆಗೆದುಕೊಳ್ಳಿ. ಒಂದು ಗೊಂಬೆಯನ್ನು ಮೂವರು ಆಡಿಸುತ್ತಾರೆ, ಪಕ್ಕದಲ್ಲಿ ಕೂತು ಎಲ್ಲ ಪಾತ್ರಕ್ಕೂ ದನಿ ಕೊಡುವ ತಾಯೂ ಎಂಬ ಕಥನಕಾರ ನಮ್ಮ ಭಾಗವತರಂತೆ ಬೆವರಿಳಿಸಿಕೊಂಡು ಹಾಡುತ್ತಾನೆ.

ಇನ್ನು ನಾರಾ. ಕ್ಯೋಟೊದಿಂದ ಕಿಂತೆತ್ಸು ರೈಲಿನಲ್ಲಿ ಮುಕ್ಕಾಲು ಗಂಟೆ, ಆ ಸ್ಟೇಷನ್ನಿನಿಂದಲೇ ಉದ್ಯಾನಕ್ಕೆ ನಡೆಯಬಹುದು. ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೀದಿಯಲ್ಲಿ ಓಡಾಡಿಕೊಂಡಿರುತ್ತವೆ. ಬಿಸ್ಕತ್ತು ಕೊಂಡು ಕೈಯಲ್ಲಿ ಹಿಡಿದರೆ ತಲೆ ಬಾಗಿಸಿ ಕೇಳುತ್ತವೆ, ತಡ ಮಾಡಿದರೆ ಹಿಂದಿನಿಂದ ಗುಮ್ಮುತ್ತವೆ. ಮಕ್ಕಳ ಕೈಗೆ ಕೊಡಬೇಡಿ. ತೋದಾಯ್‌ಜಿ ದೇವಸ್ಥಾನದ ಒಳಗಿನ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಅದಕ್ಕೆ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವನು ಬೋಧಿಸೇನ, ದಕ್ಷಿಣ ಭಾರತದಿಂದ ಚೀನಾ ಮಾರ್ಗವಾಗಿ 736ರಲ್ಲಿ ಜಪಾನಿಗೆ ಬಂದ ಭಿಕ್ಷು. ಅವನು ಹಿಡಿದ ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ಕಣ್ಣು ಬರೆಯುವ ಪುಣ್ಯ ತಮಗೂ ಬರಲೆಂದು ನೆರೆದವರು ಆ ದಾರ ಹಿಡಿದು ನಿಂತಿದ್ದರಂತೆ. ಕುಂಚವೂ ದಾರವೂ ಅಲ್ಲೇ ಹಿಂದಿರುವ ಶೋಸೋಇನ್ ಎಂಬ ಮರದ ಉಗ್ರಾಣದ ಸಂಗ್ರಹದಲ್ಲಿ ಇಂದಿಗೂ ಇವೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆ ಸಂಗ್ರಹದ ಕೆಲವು ವಸ್ತುಗಳನ್ನು ಇಡುತ್ತಾರೆ, ವರ್ಷಕ್ಕೊಂದು ಬಗೆ. ದಸರಾ ತಡವಾಗಿ ಬಂದ ವರ್ಷ ರಜೆಯನ್ನು ನಾಲ್ಕು ದಿನ ಹಿಗ್ಗಿಸಿಕೊಂಡರೆ ಅದಕ್ಕೆ ಸಿಗಬಹುದು. ಈ ಸಲದ ಪಟ್ಟಿಯಲ್ಲಿ ಆ ದಾರ ಇದೆಯೇ ಎಂದು ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ.